ಮನೆಗೆ ಬಂದ ಮೊಹರು

ನನ್ನ ಸಹಿ ಒಂದು ಸಲ ಇದ್ದ ಹಾಗೆ ಇನ್ನೊಂದು ಸಲ ಇರುವುದಿಲ್ಲ. ಇದು ವಿನಯದ ಮಾತಲ್ಲ, ಬೇಕಿದ್ದರೆ ಬ್ಯಾಂಕಿನವರನ್ನು ಕೇಳಿ. ಹೈಸ್ಕೂಲಿನಲ್ಲಿದ್ದಾಗ ಗಣಿತದ ನೋಟ್‌ಬುಕ್ಕಿನ ಹಿಂಬದಿಯ ಪುಟಗಳಲ್ಲೆಲ್ಲ ಸಹಿಯ ಅಭ್ಯಾಸ ಮಾಡಿದವಳು ನಾನು. ಮುಂದೆ ದೊಡ್ಡ ಹುದ್ದೆಯಲ್ಲಿ ಕೂತು ರಾಶಿ ರಾಶಿ ಕಾಗದಗಳಿಗೆ ಸಹಿ ಹಾಕಬೇಕಾಗುತ್ತದೆ ಎಂಬ ಭರವಸೆ. ಕೊನೆಯ ಅಕ್ಷರದಿಂದ ಒಂದು ಗೆರೆ ಎಳೆದು, ಅದನ್ನು ಬೆಕ್ಕಿನ ಬಾಲದ ಹಾಗೆ ಸುತ್ತಿ, ಅಡಿಯಲ್ಲಿ ಎರಡು ಚುಕ್ಕಿ ಇಡುತ್ತಿದ್ದೆ. ಹುದ್ದೆ ಬರಲಿಲ್ಲ, ಬಾಲ ಮಾತ್ರ ಉಳಿಯಿತು. ಅದು ಇವತ್ತು ಎಡಕ್ಕೆ ಸುತ್ತಿದರೆ ನಾಳೆ ಬಲಕ್ಕೆ.

ಮೊನ್ನೆ ಇಲ್ಲಿ ಮೈಸೂರಿನ ಬ್ಯಾಂಕಿನಲ್ಲಿ ಮತ್ತೆ ಅದೇ ಆಯಿತು. ಕೌಂಟರಿನ ಹುಡುಗಿ ಸಹಿಯನ್ನೂ ನನ್ನನ್ನೂ ಒಂದೇ ಅನುಮಾನದಿಂದ ನೋಡಿ, "ಮೇಡಂ, ಸಹಿಗೆ ನೋಟರಿ ಹತ್ರ ಅಟೆಸ್ಟ್ ಮಾಡಿಸ್ಕೊಂಡು ಬನ್ನಿ" ಎಂದಳು. ನೋಟರಿ ಎಂದರೆ ನಮ್ಮೂರಿನಲ್ಲಿ ಕೋರ್ಟಿನ ಹತ್ತಿರ ಮರದಡಿ ಮೇಜು ಹಾಕಿಕೊಂಡು ಕೂತಿರುವ ವಕೀಲರು. ಕಾಲೇಜು ಸೇರುವಾಗ ಹೆಸರಿನ ಸ್ಪೆಲಿಂಗು ತಿದ್ದಿಸಲು ಅಪ್ಪ ನನ್ನನ್ನು ಅಂಥವರೊಬ್ಬರ ಬಳಿ ಕರೆದೊಯ್ದಿದ್ದರು. ಸುತ್ತ ಟೈಪ್‌ರೈಟರುಗಳ ಟಕಟಕ, ಅಂಟಿನ ವಾಸನೆ, ಮರದ ಮೇಲೆ ಕಾಗೆ. ಹೊಸ ಲಂಗ ಉಟ್ಟು, ಜಡೆಗೆ ರಿಬ್ಬನ್ ಕಟ್ಟಿಕೊಂಡು, ಕೇಳಿದ್ದಕ್ಕೆಲ್ಲ ಸತ್ಯವನ್ನೇ ಹೇಳಲು ಸಿದ್ಧಳಾಗಿ ಹೋಗಿದ್ದೆ. ಅವರು ತಲೆ ಎತ್ತದೆ ಮೊಹರು ಒತ್ತಿದರು. ಇವಳೇ ನಾನು ಎಂದು ಸಾಕ್ಷಿ ಹೇಳಿದ ಮನುಷ್ಯ ನನ್ನ ಮುಖವನ್ನೇ ನೋಡಲಿಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದೆ. ಅಪ್ಪ ನಕ್ಕು ಕಬ್ಬಿನ ಹಾಲು ಕುಡಿಸಿದರು.

ಮುಖ ನೋಡುವ ನೋಟರಿ ಸಿಕ್ಕಿದ್ದು ನೈರೋಬಿಯಲ್ಲಿ. ಯಜಮಾನರನ್ನು ಟೆಲಿಕಾಂ ಕಂಪನಿಯವರು ಅಲ್ಲಿಗೆ ಹಾಕಿದ್ದರು. ಕಿಲೆಲೆಶ್ವಾದಲ್ಲಿ ನಮ್ಮ ಫ್ಲ್ಯಾಟು. ಊರಿನಲ್ಲಿದ್ದ ಸೈಟಿನ ವಿಚಾರಕ್ಕೆ ತಮ್ಮನ ಹೆಸರಿಗೆ ಅಧಿಕಾರ ಪತ್ರ ಕಳಿಸಬೇಕಾಗಿತ್ತು. ಅದಕ್ಕೆ ನೋಟರಿ ಹುಡುಕಿಕೊಂಡು ವೆಸ್ಟ್‌ಲ್ಯಾಂಡ್ಸ್‌ನ ಟ್ರಾಫಿಕ್ಕಿನಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನುಗಳ ಹಾರ್ನ್ ಕೇಳುತ್ತ ಅರ್ಧ ದಿನ ಕಳೆಯುವುದು ಯಾರಿಗೆ ಬೇಕು ಎಂದು ನಾನು ಗೊಣಗುತ್ತಿದ್ದಾಗ ನಮ್ಮದೇ ಕಟ್ಟಡದ ವನಮಾಲಾ, "ಅದಕ್ಯಾಕೆ ಅಷ್ಟು ಒದ್ದಾಡ್ತೀಯ ಸುಧಾ? ಮನೆಗೇ ಬರೋ ನೋಟರಿ ಇದಾರೆ. ಫೋನ್ ಮಾಡಿದ್ರೆ ಬರ್ತಾರೆ, ಪಿಟ್ಸಾ ಥರ" ಎಂದು ನಂಬರು ಕೊಟ್ಟಳು.

ಬಂದವರು ನ್ಜೇರಿ ಎಂಬ ವಕೀಲೆ. ಐವತ್ತರ ಆಸುಪಾಸು, ಚಪ್ಪಟೆ ಷೂ, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಚೀಲದಿಂದ ಹೂಹೂವಿನ ಬಟ್ಟೆಯಲ್ಲಿ ಸುತ್ತಿದ ಏನನ್ನೋ ತೆಗೆದು ಮೇಜಿನ ಮೇಲಿಟ್ಟಾಗ ದಪ್ಪೆಂದು ಸದ್ದಾಯಿತು. ಬಿಚ್ಚಿದರೆ ಕಬ್ಬಿಣದ ಮೊಹರು. ಇಕ್ಕಳದ ಹಾಗೆ ಅದುಮಿದರೆ ಕಾಗದದ ಮೇಲೆ ಉಬ್ಬುಚಿತ್ತಾರ ಮೂಡಿಸುವಂಥದ್ದು. ಪಾಸ್‌ಪೋರ್ಟಿನ ಫೋಟೊ ನೋಡಿ, ನನ್ನ ಮುಖ ನೋಡಿ, ಮತ್ತೆ ಫೋಟೊ ನೋಡಿದರು. ಕಾಲೇಜು ಸೇರಿದಾಗಿನಿಂದ ಬಾಕಿಯಿದ್ದ ಆಸೆ ಅಂದು ತೀರಿತು. ಸಹಿಯ ಹೊತ್ತಿಗೆ ಮಾತ್ರ ಬಾಲ ಕೈಕೊಟ್ಟಿತು. ಮತ್ತೆ ಮತ್ತೆ ಹಾಕಿಸಿದರು. ಕೊನೆಗೆ ಕನ್ನಡಕ ಇಳಿಸಿ, "ಇಷ್ಟು ಜನರಲ್ಲಿ ನೀವು ಯಾರು?" ಎಂದು ಕೇಳಿದರು. ವನಮಾಲಾ ಸೋಫಾದಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಬಹುಶಃ ಅದೇ ಕೊನೆ. ಆಮೇಲಿನ ವರ್ಷವೇ ಅವಳಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು.

ವನಮಾಲಾ ವೆಸ್ಟ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದಳು. ಮಗಳು ಇಂಚರ ಕೂಸಾಗಿದ್ದಾಗಲೇ ಗಂಡ ಬೇರೆಯಾಗಿದ್ದ. ಮಗುವಿನ ಪೂರ್ತಿ ಹೊಣೆ ತಾಯಿಯದೇ ಎಂದು ಕೋರ್ಟು ಬರೆದುಕೊಟ್ಟಿತ್ತು. ಇಂಚರಳಿಗೆ ಆಗ ಹನ್ನೊಂದು. ಉದ್ದ ಕಾಲಿನ, ಮಾತು ಕಡಿಮೆಯ ಹುಡುಗಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸಿ, ಮನೆಗೆಲಸದ ಆಗ್ನೆಸ್ ಜೊತೆ ಸ್ವಾಹಿಲಿಯಲ್ಲಿ ನಗುತ್ತಿದ್ದಳು. ಆಪರೇಷನ್ ಆಯಿತು, ಔಷಧಿ ಆಯಿತು. ಒಂದು ದಿನ ಆಸ್ಪತ್ರೆಯವರು, ಇನ್ನು ಮನೆಯಲ್ಲೇ ಆರಾಮವಾಗಿ ಇರಲಿ, ಎರಡು ಮೂರು ವಾರ ಇರಬಹುದು ಎಂದು ಹೇಳಿ ಮಾರ್ಫಿನ್ ಬಾಟಲಿ ಕೊಟ್ಟು ಕಳಿಸಿದರು. ವಿಮಾನ ಹತ್ತಿ ಊರಿಗೆ ಹೋಗುವ ಸ್ಥಿತಿ ಅವಳಿಗೆ ಅಷ್ಟರಲ್ಲೇ ದಾಟಿಹೋಗಿತ್ತು. ಮೈಸೂರಿನಲ್ಲಿದ್ದ ಅವಳ ಅಕ್ಕ ಬರೋಣವೆಂದರೆ ಅವರ ಯಜಮಾನರಿಗೆ ಡಯಾಲಿಸಿಸ್ ನಡೆಯುತ್ತಿತ್ತು, ಬಿಟ್ಟು ಬರುವಂತಿರಲಿಲ್ಲ.

"ಇಂಚರನ್ನ ಅಕ್ಕನ ಮನೆಗೆ ಕಳಿಸಿಬಿಡ್ತೀನಿ," ಎಂದಳು ವನಮಾಲಾ. "ಮುಂದಿನ ತಿಂಗಳು ಊರಿಗೆ ಹೋಗ್ತೀಯಲ್ಲ, ಅದನ್ನ ಈ ತಿಂಗಳೇ ಮಾಡ್ಕೊ. ಅವಳನ್ನ ಕರ್ಕೊಂಡು ಹೋಗು."

"ಈಗ್ಲೇನಾ? ಜೊತೇಲಿರ್ಲಿ ಕಣೆ."

"ನಮ್ಮಪ್ಪ ಹೋಗೋದನ್ನ ನಾನು ಪಕ್ಕದಲ್ಲಿ ಕೂತು ನೋಡಿದೀನಿ. ಅವರು ಸೈಕಲ್ ಕಲಿಸಿದ್ದು, ಹಾಡ್ತಾ ಇದ್ದಿದ್ದು, ಯಾವ್ದೂ ಈಗ ಸರಿಯಾಗಿ ನೆನಪಾಗಲ್ಲ. ನೆನೆಸ್ಕೊಂಡ್ರೆ ಆ ಕೊನೇ ತಿಂಗಳೇ ಮುಂದೆ ಬರುತ್ತೆ. ಅವಳಿಗೆ ಹಾಗಾಗ್ಬಾರ್ದು."

ತಾಯಿಯಿಲ್ಲದೆ ಮಗು ದೇಶ ದಾಟಬೇಕಾದರೆ ಒಪ್ಪಿಗೆ ಪತ್ರ ಬೇಕು. ಮುಂದೆ ಮೈಸೂರಿನ ಶಾಲೆಗೆ ಸೇರಿಸಲು, ಆಸ್ಪತ್ರೆಗೆ ತೋರಿಸಲು ದೊಡ್ಡಮ್ಮನಿಗೆ ಅಧಿಕಾರ ಕೊಡುವ ಪತ್ರವೂ ಬೇಕು. ನ್ಜೇರಿ ಎರಡನ್ನೂ ಬರೆದು ತಂದರು.

ಅಂದು ವನಮಾಲಾ ಮಧ್ಯಾಹ್ನದ ಔಷಧಿ ಕುಡಿದು ಮಲಗಿದ್ದಳು. ನ್ಜೇರಿ ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಮೆಲ್ಲಗೆ ಕೇಳಿದರು. "ವನಮಾಲಾ, ನಾನು ಯಾರು ಗೊತ್ತಾಯಿತೇ?"

ಅವಳು ಕಣ್ಣು ಅರೆ ತೆರೆದು ಮುಗುಳ್ನಕ್ಕಳು. "ಸ್ಕೂಲ್ ಬಸ್ಸಿನವರಲ್ವಾ?"

ನ್ಜೇರಿ ಪೆನ್ನಿನ ಕ್ಯಾಪು ಹಾಕಿದರು. 

"ಮೇಡಂ, ಇದೆಲ್ಲ ಅವಳೇ ಹೇಳಿ ಬರೆಸಿದ್ದು. ನಿಮಗೂ ಗೊತ್ತು. ಸಹಿ ಹಾಕುವಷ್ಟು ಶಕ್ತಿ ಇದೆ," ಎಂದೆ.

"ಶಕ್ತಿ ಇದೆ. ಎಚ್ಚರ ಇಲ್ಲ."

"ನಮ್ಮ ಮೇಲೆ ನಂಬಿಕೆ ಇಲ್ಲವೇ ನಿಮಗೆ?"

"ಇದೆ. ಆದರೆ ಇವತ್ತು ನಿಮ್ಮ ಮೇಲಿನ ನಂಬಿಕೆಗೆ ಒತ್ತಿದರೆ, ನಾಳೆ ಇನ್ಯಾರೋ ಬಂದು ನಿದ್ದೆಯಲ್ಲಿರುವ ತಾಯಿಯ ಕೈ ಹಿಡಿದು ಬರೆಸುತ್ತಾರೆ. ಅದಕ್ಕೂ ಒತ್ತಬೇಕಾಗುತ್ತದೆ." ಮೊಹರನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು. "ಇವರಿಗೆ ಪೂರ್ತಿ ಎಚ್ಚರ ಇರುವುದು ಯಾವಾಗ?"

ಬಾಗಿಲ ಬಳಿ ನಿಂತಿದ್ದ ಆಗ್ನೆಸ್ ಹೇಳಿದಳು. "ಔಷಧಿ ಕುಡಿಯುವ ಮೊದಲು. ಆಗ ಎಲ್ಲ ಗೊತ್ತಾಗುತ್ತದೆ. ನೋವೂ ಗೊತ್ತಾಗುತ್ತದೆ."

 ನ್ಜೇರಿ ಹೋದ ಮೇಲೆ ನನಗೆ ಸಿಟ್ಟು ತಡೆಯಲಾಗಲಿಲ್ಲ. ಕಲ್ಲು ಹೃದಯದ ಹೆಂಗಸು ಎಂದು ಯಜಮಾನರ ಮುಂದೆ ಕೂಗಾಡಿದೆ. ಸಂಜೆ ಎಚ್ಚರವಾದಾಗ ವಿಷಯ ಕೇಳಿದ ವನಮಾಲಾಗೆ ಮಾತ್ರ ಸಿಟ್ಟು ಬರಲಿಲ್ಲ. "ಗುರುವಾರ ಬೆಳಿಗ್ಗೆ ಬರೋಕ್ಕೇಳು," ಎಂದಳು. "ಆವತ್ತು ಬೆಳಗ್ಗಿನ ಔಷಧಿ ನಾನು ಕುಡಿಯಲ್ಲ. ಇಂಚರ ಸ್ಕೂಲಿಂದ ಬರೋ ಅಷ್ಟರಲ್ಲಿ ಎಲ್ಲ ಮುಗೀಬೇಕು."

ಗುರುವಾರ ಬೆಳಗಿನಿಂದಲೇ ಮಳೆ. ನೈರೋಬಿಯಲ್ಲಿ ಮಳೆ ಬಂದರೆ ರಸ್ತೆಯ ಮೇಲೆ ಎಲ್ಲವೂ ನಿಂತಲ್ಲೇ ನಿಲ್ಲುತ್ತದೆ. ಬೆಳಿಗ್ಗೆಯೇ ಬರಬೇಕಿದ್ದ ನ್ಜೇರಿ, ನ್ಗಾರಾದಲ್ಲಿ ಸಿಕ್ಕಿಕೊಂಡಿದ್ದೇನೆ, ಕಾರು ಅಲ್ಲಾಡುತ್ತಿಲ್ಲ ಎಂದು ಫೋನ್ ಮಾಡಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಫೋನ್. ಇನ್ನೂ ನ್ಗಾರಾ.

ಇತ್ತ ರಾತ್ರಿಯ ಔಷಧಿ ಇಳಿಯುತ್ತ ಬಂತು. ಮೊದಲು ವನಮಾಲಾಳ ಕೈಬೆರಳುಗಳು ಹೊದಿಕೆಯನ್ನು ಹಿಡಿದುಕೊಂಡವು. ಆಮೇಲೆ ಹಣೆಯ ಮೇಲೆ ಬೆವರು. ಆಗ್ನೆಸ್ ಒದ್ದೆ ಬಟ್ಟೆಯಿಂದ ಒರೆಸುತ್ತ "ಪೋಲೆ ಮಾಮಾ, ಪೋಲೆ" ಎನ್ನುತ್ತಿದ್ದಳು. ಸ್ವಾಹಿಲಿಯಲ್ಲಿ ಮಾಮಾ ಎಂದರೆ ಅಮ್ಮ; ಪೋಲೆ ಎಂದರೆ ಅಯ್ಯೋ ಪಾಪ ಎಂದೂ ಆಗುತ್ತದೆ, ತಾಳಿಕೊ ಎಂದೂ ಆಗುತ್ತದೆ. ನಾನು ಬಾಟಲಿ ಹಿಡಿದು ನಿಂತೆ.

"ಅರ್ಧ ಚಮಚ ತಗೊಳೆ. ಅಷ್ಟಕ್ಕೇನೂ ನಿದ್ದೆ ಬರಲ್ಲ."

"ಬೇಡ. ಆಕೆ ಮತ್ತೆ ಎದ್ದು ಹೋಗ್ತಾರೆ." ಹಲ್ಲು ಕಚ್ಚಿಕೊಂಡೇ ಹೇಳಿದಳು. "ನೀನು ಕೂತ್ಕೊ. ಅಕ್ಕನಿಗೆ ಹೇಳ್ಬೇಕಾಗಿದ್ದು ಹೇಳ್ತೀನಿ, ಕೇಳಿಸ್ಕೊ."

ಕೂತೆ. ನೋವು ಬಂದಾಗ ನಿಲ್ಲಿಸಿ, ಇಳಿದಾಗ ಮುಂದುವರಿಸಿ ಹೇಳಿದಳು. ಇಂಚರಳಿಗೆ ಸೆಕೆಯಾದರೆ ಮೂಗಿನಲ್ಲಿ ರಕ್ತ ಬರುತ್ತದೆ, ಗಾಬರಿಯಾಗಬೇಡ ಅನ್ನು. ಸಾರಿಗೆ ಕೊತ್ತಂಬರಿ ಸೊಪ್ಪು ಬೀಳಬಾರದು, ಬಿದ್ದರೆ ಒಂದೊಂದಾಗಿ ಆಯುತ್ತ ಕೂರುತ್ತಾಳೆ. ಬೈದರೆ ಅಳುವುದಿಲ್ಲ, ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ. ನೀರಿನ ಸದ್ದು ಜಾಸ್ತಿ ಹೊತ್ತು ಕೇಳಿದರೆ ಬಾಗಿಲು ತಟ್ಟು ಅನ್ನು. ದೊಡ್ಡವಳಾಗುವ ವಯಸ್ಸು, ಅದೆಲ್ಲ ನಾನು ಹೇಳಿಕೊಟ್ಟಿದ್ದೀನಿ, ಆದರೂ ಇನ್ನೊಂದು ಸಲ ಹೇಳು ಅನ್ನು. ನಡುವೆ ಒಮ್ಮೆ ಟವೆಲಿನ ಅಂಚು ಕಚ್ಚಿಕೊಂಡು ಗೋಡೆಗೆ ತಿರುಗಿದಳು. ಬಹಳ ಹೊತ್ತು ತಿರುಗಲೇ ಇಲ್ಲ. ನಾನು ಅವಳ ಬೆನ್ನು ಸವರುತ್ತ, ಹೊರಗೆ ಬಂದ ಪ್ರತಿ ಕಾರಿನ ಸದ್ದಿಗೂ ಕಿವಿ ನಿಮಿರಿಸುತ್ತ ಕೂತಿದ್ದೆ.  

ಕೊನೆಗೆ ಬಂದಿದ್ದು ಕಾರಲ್ಲ. ನ್ಜೇರಿ ಕಾರನ್ನು ರಸ್ತೆ ಬದಿಗೆ ಬಿಟ್ಟು ಬೋಡಾ ಬೋಡಾ ಹತ್ತಿದ್ದರು. ಬಾಡಿಗೆ ಮೋಟಾರ್‌ಸೈಕಲ್ಲಿನ ಹಿಂದೆ, ಆ ಮಳೆಯಲ್ಲಿ, ಆ ವಯಸ್ಸಿನಲ್ಲಿ. ತಲೆಯಿಂದ ನೀರು ಸುರಿಯುತ್ತಿತ್ತು. ಕಾಗದ ಮತ್ತು ಮೊಹರು ಮಾತ್ರ ಪ್ಲಾಸ್ಟಿಕ್ ಚೀಲದೊಳಗೆ ಬೆಚ್ಚಗಿದ್ದವು. ಕೈ ಒರೆಸಿಕೊಂಡು, ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿದರು. ಮಗುವನ್ನು ಕರೆದೊಯ್ಯುವವಳು ಎದುರಿಗಿರಬಾರದಂತೆ. ಸಾಕ್ಷಿಗೆ ಆಗ್ನೆಸ್ ಒಳಗುಳಿದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"ಈ ಕಾಗದದಲ್ಲಿ ಏನಿದೆ? ನಿಮ್ಮ ಮಾತಿನಲ್ಲೇ ಹೇಳಿ," ಎಂದರು ನ್ಜೇರಿ. ಅವರಿಬ್ಬರೂ ಇಂಗ್ಲಿಷಿನಲ್ಲಿ ಆಡಿದ್ದು. ನನಗೆ ನೆನಪಿರುವ ಹಾಗೆ ಹೇಳುತ್ತಿದ್ದೇನೆ.

"ನನ್ನ ಮಗಳನ್ನು ಸುಧಾ ಮೈಸೂರಿಗೆ ಕರೆದುಕೊಂಡು ಹೋಗುತ್ತಾಳೆ. ಆಮೇಲೆ ನಮ್ಮಕ್ಕ ನೋಡಿಕೊಳ್ಳುತ್ತಾಳೆ."

"ಇದು ನಿಮ್ಮ ಸ್ವಂತ ಇಚ್ಛೆಯೇ?"

  ವನಮಾಲಾ, "ಅಲ್ಲ" ಎಂದಳು.

ನಾನು ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದೆ.

"ಯಾರಾದರೂ ಒತ್ತಾಯ ಮಾಡುತ್ತಿದ್ದಾರೆಯೇ?"

"ಮನುಷ್ಯರು ಯಾರೂ ಮಾಡುತ್ತಿಲ್ಲ."

"ವನಮಾಲಾ, ನಿಮ್ಮ ಇಚ್ಛೆ ಅಲ್ಲ ಎಂದರೆ ನಾನು ಎದ್ದು ಹೋಗಬೇಕಾಗುತ್ತದೆ."

"ನಿಮಗೆ ಮಕ್ಕಳಿದ್ದಾರಾ?"

"ಇಬ್ಬರು."

"ಹಾಗಾದರೆ ನೀವೇ ಹೇಳಿ, ಇದು ಯಾವ ತಾಯಿಯ ಇಚ್ಛೆ ಆಗಿರುತ್ತದೆ?" ಉಸಿರು ಎಳೆದುಕೊಂಡಳು. "ನನ್ನ ನಿರ್ಧಾರ ಅಂತ ಬರೆಯಿರಿ. ನಾನೇ ಯೋಚನೆ ಮಾಡಿ, ಎಚ್ಚರದಲ್ಲಿದ್ದು ಮಾಡಿದ್ದು. ಅದಕ್ಕೆ ಸಹಿ ಹಾಕುತ್ತೇನೆ."

ಸ್ವಲ್ಪ ಹೊತ್ತಿಗೆ ಪೆನ್ನಿನ ಸದ್ದು ಕೇಳಿಸಿತು. ಆ ಪತ್ರವನ್ನು ನಾನು ಆಮೇಲೆ ನೋಡಿದೆ. ಟೈಪಾಗಿದ್ದ ಪದವನ್ನು ಹೊಡೆದುಹಾಕಿ, ಮೇಲೆ ಕೈಯಲ್ಲಿ ಬೇರೆ ಪದ ಬರೆದು, ಪಕ್ಕದಲ್ಲಿ ಇಬ್ಬರೂ ಪುಟ್ಟದಾಗಿ ಸಹಿ ಮಾಡಿದ್ದರು. ವನಮಾಲಾಳದು ಕನ್ನಡದ ಸಹಿ, ಪಾಸ್‌ಪೋರ್ಟಿನಲ್ಲೂ ಹಾಗೆಯೇ. ನ್ಜೇರಿ ತಮಗೆ ಗೊತ್ತಿಲ್ಲದ ಆ ಲಿಪಿಯ ಒಂದೊಂದು ಸುಳಿಯನ್ನೂ ಪಾಸ್‌ಪೋರ್ಟಿನ ಜೊತೆ ಹಿಡಿದು ನೋಡಿದರಂತೆ. ಎಲ್ಲೂ ನಡುಕ ಇರಲಿಲ್ಲ. ಮೊಹರು ಒತ್ತಿದ ಮೇಲೆ ಬಾಗಿಲು ತೆರೆದು, ನನಗೆ ಮೊದಲು ಹೇಳಿದ ಮಾತು, "ಔಷಧಿ ಕೊಡಿ, ಬೇಗ."

ಇಂಚರ ಶಾಲೆಯಿಂದ ಬರುವಾಗ ಅವಳಮ್ಮ ನಿದ್ದೆ ಹೋಗಿದ್ದಳು. ಹುಡುಗಿ ಹಾಲ್‌ನಲ್ಲಿ ಇನ್ನೂ ಆರದ ಒದ್ದೆ ಹೆಜ್ಜೆಗಳನ್ನು ನೋಡಿ, ಯಾರು ಬಂದಿದ್ದರು ಎಂದು ಕೇಳಿದಳು. ಬ್ಯಾಂಕಿನವರು ಎಂದಳು ಆಗ್ನೆಸ್. ಇಂಚರ ನನ್ನ ಮುಖವನ್ನೊಮ್ಮೆ ನೋಡಿ, "ಓಕೆ" ಎಂದು ಒಳಗೆ ಹೋದಳು. ಬಾತ್‌ರೂಮಿನಲ್ಲಿ ನಲ್ಲಿಯ ಸದ್ದು ಕೇಳಿಸಿತು.

ಅಮ್ಮನಿಗೆ ಹೊಸ ಚಿಕಿತ್ಸೆ ಶುರುವಾಗುತ್ತದೆ, ಅದು ಮುಗಿಯುವವರೆಗೆ ಒಂದು ಟರ್ಮ್ ಮೈಸೂರಿನಲ್ಲಿ ಓದು ಎಂದು ಅವಳಿಗೆ ಹೇಳಿದ್ದೆವು. ಹೊರಟ ದಿನ ವನಮಾಲಾ ಹಸಿರು ಸೀರೆ ಉಟ್ಟು, ತಲೆಗೆ ಸ್ಕಾರ್ಫ್ ಕಟ್ಟಿ, ಆಗ್ನೆಸ್ ಭುಜ ಹಿಡಿದು ಲಿಫ್ಟಿನಲ್ಲಿ ಇಳಿದು ಗೇಟಿನವರೆಗೂ ಬಂದಳು. ಟ್ಯಾಕ್ಸಿ ತಿರುಗುವವರೆಗೂ ಕೈ ಬೀಸುತ್ತ ನಿಂತಿದ್ದಳು. ತಿರುಗಿದ ಮೇಲೆ ಅಲ್ಲೇ ಕುಸಿದು ಕೂತಳೆಂದು ಆಗ್ನೆಸ್ ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ. ವಿಮಾನದಲ್ಲಿ ಇಂಚರ ಒಂದೇ ಸಿನಿಮಾವನ್ನು ಮತ್ತೆ ಮತ್ತೆ ಹಾಕಿಕೊಂಡು ನೋಡಿದಳು. ಏನೂ ಕೇಳಲಿಲ್ಲ.

ಊರಿನಲ್ಲಿ ಕೆಲವು ದಿನ ಇದ್ದು ನಾನು ನೈರೋಬಿಗೆ ಮರಳಿದಾಗ ಏನು ಕಾಣಬೇಕಾಗುತ್ತದೋ ಎಂದು ಹೆದರುತ್ತಲೇ ಅವಳ ಮನೆಯ ಬೆಲ್ ಒತ್ತಿದೆ. ವನಮಾಲಾ ಬಾಲ್ಕನಿಯಲ್ಲಿ ಕೂತು ಪಪ್ಪಾಯ ತಿನ್ನುತ್ತಿದ್ದಳು.

ವೈದ್ಯರು ಹೇಳಿದ ವಾರಗಳು ಕಳೆದವು. ತಿಂಗಳಾಯಿತು, ಎರಡು ತಿಂಗಳಾಯಿತು. ರೋಗವೇನೂ ಹೋಗಲಿಲ್ಲ. ಆದರೆ ಯಾಕೋ ಅಲ್ಲೇ ನಿಂತಂತಿತ್ತು. ಅವಳು ಒಂದಿಷ್ಟು ಅನ್ನ ಸಾರು ಉಣ್ಣುತ್ತಿದ್ದಳು, ನನ್ನ ಸಾರಿಗೆ ಹುಳಿ ಕಮ್ಮಿ ಎನ್ನುತ್ತಿದ್ದಳು. ದಿನವೂ ಮಗಳ ಜೊತೆ ಫೋನಿನಲ್ಲಿ ಮಾತು. ವಿಡಿಯೊ ಮಾತ್ರ ಬೇಡ, ನೆಟ್‌ವರ್ಕ್ ಸರಿಯಿಲ್ಲ ಎನ್ನುತ್ತಿದ್ದಳು. ಕೆನ್ನೆಯ ಮೂಳೆಗಳು ಅಷ್ಟು ಎದ್ದಿದ್ದವು. ಇಂಚರ ದಿನದಿಂದ ದಿನಕ್ಕೆ ಹೆಚ್ಚು ಕನ್ನಡ ಮಾತಾಡುತ್ತಿದ್ದಳು. ಫೋನ್ ಇಟ್ಟ ಮೇಲೆ ವನಮಾಲಾ ಬಹಳ ಹೊತ್ತು ರಸ್ತೆ ನೋಡುತ್ತ ಕೂರುವಳು.

"ಬೇಗ ಸಾಯ್ತೀನಿ ಅಂತ ಅವಳನ್ನ ಕಳಿಸಿದೆ," ಎಂದಳು ಒಂದು ಸಂಜೆ. "ಸಾಯ್ತಾನೇ ಇಲ್ಲ ನೋಡು. ಇಷ್ಟು ದಿನಾನೂ ಇಲ್ಲೇ ಇರ್ಬಹುದಿತ್ತು ಅವಳು."

"ಕರೆಸ್ಕೊ. ನಾನೇ ಹೋಗಿ ಕರ್ಕೊಂಡು ಬರ್ತೀನಿ."

"ಗೇಟ್ ಹತ್ರ ನಿಂತಿದ್ದ ಅಮ್ಮನ್ನ ನೋಡಿ ಹೋಗಿದಾಳೆ. ಅದೇ ಇರ್ಲಿ."

ನಾನು ಒತ್ತಾಯ ಮಾಡಲಿಲ್ಲ. ಇದಾಗಿ ಕೆಲವು ದಿನಕ್ಕೆ ಹೋದಾಗ ಬಾಲ್ಕನಿಯಲ್ಲಿ ನ್ಜೇರಿ ಚಹಾ ಕುಡಿಯುತ್ತ ಕೂತಿದ್ದರು. ವನಮಾಲಾ ನನಗೆ ಹೇಳದೆ ಅವರಿಗೆ ಫೋನ್ ಮಾಡಿದ್ದಳು. ಮಗಳನ್ನು ವಾಪಸ್ ಕರೆಸಬೇಕು, ಆ ಪತ್ರ ಹೇಗೆ ಬರೆಯುವುದು ಎಂದು. ಆದರೆ ಮೇಜಿನ ಮೇಲೆ ಕಾಗದವೂ ಇರಲಿಲ್ಲ, ಮೊಹರೂ ಇರಲಿಲ್ಲ.

"ಚೀಲ ತಂದಿಲ್ಲವೇ ಮೇಡಂ?" ಎಂದೆ.

"ಯಾಕೆ? ಮಗಳನ್ನು ತನ್ನ ಮನೆಗೆ ಕರೆಸಿಕೊಳ್ಳಲು ತಾಯಿಗೆ ನನ್ನ ಮೊಹರು ಬೇಡ," ಎಂದರು ನ್ಜೇರಿ. "ಟಿಕೆಟ್ ತೆಗೆಯಿರಿ. ದಾರಿಗೆ ಒಂದು ಚೀಟಿಯನ್ನು ದೊಡ್ಡಮ್ಮ ಬರೆದುಕೊಟ್ಟರೆ ಸಾಕು. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಇವರನ್ನು ನೋಡಬೇಕೆನಿಸಿತು, ಬಂದೆ."

ಯಜಮಾನರು ಆಗ ಆಫೀಸಿನ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದರು. ಅವರ ಜೊತೆ ಬರಲು ಶನಿವಾರಕ್ಕೆ ಇಂಚರಳಿಗೆ ಟಿಕೆಟ್ ಆಯಿತು. ವನಮಾಲಾ ಆ ವಾರವೆಲ್ಲ ಆಗ್ನೆಸ್‌ಗೆ ಕೆಲಸ ಹೇಳಿದ್ದೇ ಹೇಳಿದ್ದು. ಕರ್ಟನ್ ಒಗೆ, ಅವಳ ಹಾಸಿಗೆ ಬಿಸಿಲಿಗೆ ಹಾಕು, ಔಷಧಿ ಬಾಟಲಿಗಳನ್ನೆಲ್ಲ ಕಪಾಟಿನೊಳಗಿಡು. ಮಗಳಿಗೆ ಫೋನಿನಲ್ಲಿ, "ಬಾಯಿ ರುಚಿ ಕೆಟ್ಟೋಗಿದೆ ಪುಟ್ಟಿ, ಬರುವಾಗ ದೊಡ್ಡಮ್ಮನ ಉಪ್ಪು ನೆಲ್ಲಿಕಾಯಿ ತಗೊಂಡು ಬಾ" ಎಂದಳು. ಬುಧವಾರ ನನ್ನ ಕೈಯಲ್ಲಿ ಇದ್ದಬದ್ದ ಸ್ಕಾರ್ಫ್‌ಗಳನ್ನೆಲ್ಲ ತರಿಸಿ, ಒಂದೊಂದೇ ಕಟ್ಟಿಸಿಕೊಂಡು ಕನ್ನಡಿ ನೋಡಿದಳು. ನೀಲಿಯದು ಆಗಬಹುದು ಎಂದಳು.

ಗುರುವಾರ ಬೆಳಿಗ್ಗೆ ಆಗ್ನೆಸ್ ಬಂದು ನಮ್ಮ ಬಾಗಿಲು ತಟ್ಟಿದಳು. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಗಂಜಿ ಕುಡಿಸಲು ಎಬ್ಬಿಸಿ ಕೂರಿಸಿದಾಗ ಆಗ್ನೆಸ್‌ಳ ಎದೆಗೆ ಒರಗಿದವಳು ಹಾಗೇ ಹೋಗಿದ್ದಳು.

ಮೈಸೂರಿಗೆ ನಾನೇ ಫೋನ್ ಮಾಡಬೇಕಾಯಿತು. ಅವಳ ಅಕ್ಕನೇ ಎತ್ತಲಿ ಎಂದು ದೇವರನ್ನು ಬೇಡಿಕೊಂಡೆ. ಎತ್ತಿದ್ದು ಇಂಚರ.

"ಸುಧಾ ಆಂಟೀ! ಪ್ಯಾಕಿಂಗ್ ಎಲ್ಲ ಆಯ್ತು. ನೆಲ್ಲಿಕಾಯಿ ಬಾಟ್ಲಿಗೆ ಕವರ್ ಮೇಲೆ ಕವರ್ ಹಾಕಿದೀನಿ, ಸೋರಲ್ಲ. ದೊಡ್ಡಮ್ಮ ಚಟ್ನಿಪುಡಿನೂ ಕೊಟ್ಟಿದಾರೆ. ಅಮ್ಮ ಎದ್ರಾ?"

"ದೊಡ್ಡಮ್ಮ ಎಲ್ಲಿ ಪುಟ್ಟಿ? ಫೋನ್ ಅವರಿಗೆ ಕೊಡು."

 ಆ ಕಡೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದ್ದು ಕೇಳಿಸಿತು.

"ಯಾಕೆ?"

"ಸ್ವಲ್ಪ ಮಾತಾಡ್ಬೇಕು ಅವರ ಹತ್ರ."

"ನಂಗೇ ಹೇಳಿ ಆಂಟಿ," ಎಂದಳು. ದನಿ ಸಣ್ಣದಾಗಿತ್ತು, ಆದರೆ ಗಟ್ಟಿಯಾಗಿತ್ತು. "ಎಲ್ರೂ ಫೋನ್ ದೊಡ್ಡಮ್ಮಂಗೆ ಕೊಡು ಅಂತಾರೆ. ಅವ್ರು ನಮ್ಮಮ್ಮ. ನಂಗೆ ಹೇಳಿ."

ಹೇಳಿದೆ. ಯಾವ ಪದಗಳಲ್ಲಿ ಹೇಳಿದೆನೋ ನೆನಪಿಲ್ಲ. ಅವಳು ನಡುವೆ ಒಂದು ಸಲ "ಹೂಂ" ಎಂದಳು, ನೋವಿತ್ತಾ ಎಂದು ಕೇಳಿದಳು. ಇರಲಿಲ್ಲ ಎಂದೆ. ಪಕ್ಕದಲ್ಲಿ ಯಾರಿದ್ದರು ಎಂದು ಕೇಳಿದಳು. ಆಗ್ನೆಸ್ ಎಂದೆ. ಮತ್ತೆ ಕುಕ್ಕರ್ ಕೂಗಿತು.

"ಶನಿವಾರ ಅಂಕಲ್ ಜೊತೆ ಬರ್ಲಾ, ಬೇಡ್ವಾ?"

"ಬಾ ಪುಟ್ಟಿ. ನೀನು ಬರೋವರ್ಗೂ ಕಾಯ್ತೀವಿ."

"ಆಯ್ತು," ಎಂದಳು. ಮೂಗು ಒರೆಸಿಕೊಂಡ ಸದ್ದು. "ಒಂದು ನಿಮಿಷ ಇರಿ ಆಂಟಿ. ದೊಡ್ಡಮ್ಮಂಗೆ ನಾನೇ ಹೇಳ್ತೀನಿ."